ತಪ್ಪು ತಿಳುವಳಿಕೆ ಬೇರೆ, ತಪ್ಪು ಬೇರೆ

ಸರಸ್ವತಿಪುರಂ, ಮೈಸೂರು

ಪ್ರೀತಿಯ ಮಗೂ,

ನಿನ್ನ ಕಾದಂಬರಿಯ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಮೊದಲ ಸಲ ಒಂದೇ ಪಟ್ಟಿಗೆ, ರಾತ್ರಿ ಒಂದೂವರೆಯ ತನಕ. ಎರಡನೇ ಸಲ ಪೆನ್ಸಿಲ್ ಹಿಡಿದು. ಚೈತ್ರಾ, ಮಂಜು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಬ್ಬರನ್ನೊಬ್ಬರು ರೇಗಿಸುತ್ತಾ ನಡೆಯುವ ಪುಟಗಳಲ್ಲಿ ಪೆನ್ಸಿಲ್ಲಿಗೆ ಕೆಲಸವೇ ಇರಲಿಲ್ಲ. ಮಾನಸಗಂಗೋತ್ರಿ ಕ್ಯಾಂಪಸ್ಸಿನ ಗೆಳೆತನ ಹಾಗೇ ಇರುತ್ತೆ. ಒಬ್ಬರ ಊಟದ ಡಬ್ಬಿ ಇನ್ನೊಬ್ಬರದ್ದು, ಒಬ್ಬರ ನೋಟ್ಸು ಇನ್ನೊಬ್ಬರದ್ದು, ಅದಕ್ಕೆ ಪ್ರೀತಿ ಅಂತ ಹೆಸರಿಡಲು ಇಬ್ಬರಿಗೂ ಪುರುಸೊತ್ತಿಲ್ಲ. ಆ ಪುಟಗಳನ್ನು ಮುಟ್ಟಬೇಡ.

ನನ್ನ ತಕರಾರು ಆರನೇ ಅಧ್ಯಾಯದ್ದು. ಹತ್ತು ವರ್ಷ ಮಾತು ಬಿಡಲು ನೀನು ಕೊಟ್ಟ ಕಾರಣ ಏನು? ಯಾರೋ ಏನೋ ಹೇಳಿದರು, ಚೈತ್ರಾ ನಂಬಿದಳು. ಇದು ತಪ್ಪು ತಿಳುವಳಿಕೆ ಆಯಿತು, ತಪ್ಪು ಆಗಲಿಲ್ಲ. ಇಲ್ಲಿ ಯಾರ ಕೈಗೂ ಮಸಿ ಹತ್ತಿಲ್ಲ. ನಿಜ ಗೊತ್ತಾದ ಸಂಜೆಯೇ ಎಲ್ಲ ಸರಿಹೋಗುತ್ತೆ, ಅದಕ್ಕೇ ನಿನ್ನ ಇಪ್ಪತ್ತನೇ ಅಧ್ಯಾಯದ ಕ್ಷಮೆ ಅಷ್ಟು ಸಲೀಸಾಗಿ ಬಂದುಬಿಟ್ಟಿದೆ. ಚೈತ್ರಾ ನಿನಗೆ ತುಂಬಾ ಇಷ್ಟ, ಅವಳ ಕೈಯಲ್ಲಿ ಕೆಟ್ಟ ಕೆಲಸ ಮಾಡಿಸಲು ನಿನಗೆ ಮನಸ್ಸಿಲ್ಲ ಅಂತ ನನಗೆ ಗೊತ್ತಾಗುತ್ತೆ. ಆದರೂ ಗೊತ್ತಿದ್ದೂ ಗೊತ್ತಿದ್ದೂ ಮಾಡಿದ ಒಂದು ಕೆಲಸ ಅವಳ ಹೆಸರಿಗೆ ಬರೆಯಬೇಕು.

ನಾನು ಮಾಡಿದ್ದನ್ನು ಹೇಳುತ್ತೇನೆ. ಎಂ.ಎ. ಓದುವಾಗ ನನ್ನ ಕೋಣೆಯ ಗೆಳತಿ ಒಂದು ರಾತ್ರಿ ತನ್ನ ಮನೆಯ ಗುಟ್ಟೊಂದನ್ನು ನನಗೆ ಹೇಳಿದಳು, ಯಾರಿಗೂ ಹೇಳಬೇಡ ಅಂತ ಕೈ ಹಿಡಿದುಕೊಂಡಳು. ನಾನು ಯಾರಿಗೂ ಹೇಳಲಿಲ್ಲ, ಕಥೆ ಬರೆದೆ. ಹೆಸರು ಬದಲಿಸಿದ್ದೆ, ಊರು ಬದಲಿಸಿದ್ದೆ. ಅವಳ ತಾಯಿ ಬಾಗಿಲ ಹತ್ತಿರ ನಿಂತು ಬಳೆ ತಿರುಗಿಸುತ್ತಿದ್ದ ರೀತಿ ಮಾತ್ರ ಹಾಗೇ ಉಳಿಸಿಕೊಂಡೆ, ಯಾಕೆಂದರೆ ಕಥೆ ನಿಂತಿದ್ದೇ ಅದರ ಮೇಲೆ. ಅಚ್ಚಾಯಿತು. ಹನ್ನೊಂದು ವರ್ಷ ಅವಳು ನನ್ನ ಜೊತೆ ಮಾತಾಡಲಿಲ್ಲ.

ಕೊನೆಗೆ ಒಂದು ದಿನ ಹೇಳದೆ ಕೇಳದೆ ಪಾಂಡವಪುರದ ಕಡೆ ಇದ್ದ ಅವಳ ಮನೆಗೆ ಹೋದೆ. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ಮಾತೆಲ್ಲ ಬಾಗಿಲಲ್ಲೇ ಮರೆತುಹೋಯಿತು. ಅವಳು ಬೆಲ್ಲ, ನೀರು ತಂದಿಟ್ಟಳು. ನಾನು ನೀರು ಕುಡಿದು ಮುಗಿಸುವ ತನಕ ಸುಮ್ಮನಿದ್ದು, "ಆ ಕಥೆಗೆ ಎಷ್ಟು ದುಡ್ಡು ಕೊಟ್ಟರು?" ಅಂದಳು. 30 ರೂಪಾಯಿ ಅಂದೆ. ಅವಳು ತಲೆಯಾಡಿಸಿದಳು, ಅಷ್ಟೇ. ಆಮೇಲೆ ಗದ್ದೆ ತೋರಿಸುತ್ತೇನೆ ಬಾ ಅಂತ ಕರೆದುಕೊಂಡು ಹೋದಳು.

ಕಬ್ಬು ಕಡಿದಾಗಿತ್ತು, ಆಳುಗಳು ಕೂಳೆ ಸವರುತ್ತಿದ್ದರು. ಹಳೇ ಬುಡದಿಂದಲೇ ಎರಡನೇ ಬೆಳೆ ಎಬ್ಬಿಸುವುದು ನಮ್ಮ ಕಡೆ ಹೊಸದೇನಲ್ಲ, ನೀನೂ ನೋಡಿರುತ್ತೀಯ. ಆದರೆ ಮೋಟನ್ನು ನೆಲದ ಮಟ್ಟಕ್ಕೆ ಸವರಬೇಕು. ಮೇಲಿನ ಗಿಣ್ಣು ಉಳಿದರೆ ಅಲ್ಲಿಂದ ಬರುವ ಚಿಗುರಿಗೆ ಬಲವಿರುವುದಿಲ್ಲ, ಮಣ್ಣಿನೊಳಗಿನ ಕಣ್ಣಿನಿಂದ ಬಂದದ್ದೇ ಗಟ್ಟಿ. ಬುಡ ಸತ್ತುಹೋದ ಕಡೆ ಬೇರೆ ಸಸಿ ತಂದು ನೆಡಬೇಕು. ಇದನ್ನೆಲ್ಲ ಅವಳೇ ಹೇಳಿದ್ದು, ಕಬ್ಬಿನ ವಿಚಾರವಾಗಿ. ಈಗಲೂ ಅವಳು ನನ್ನ ಪುಸ್ತಕ ಓದುವುದಿಲ್ಲ. ಸಂಕ್ರಾಂತಿಗೆ ಬೆಲ್ಲ ಕಳಿಸುತ್ತಾಳೆ.

ನಿನ್ನ ಮಂಜು "ಹೋಗ್ಲಿ ಬಿಡು" ಅಂತಾನಲ್ಲ, ಅಲ್ಲಿ ನಾನು ಜೋರಾಗಿ ಗೀಟು ಎಳೆದಿದ್ದೇನೆ. ಅವನಿಗೆ ಕೇಳಲು ಒಂದು ಪ್ರಶ್ನೆ ಕೊಡು. ಆ ಪ್ರಶ್ನೆ ಚಿಕ್ಕದಿರಲಿ, ಉತ್ತರ ಹೇಳುವಾಗ ಚೈತ್ರಾಳ ಗಂಟಲು ಕಟ್ಟಲಿ.

ತಪ್ಪು ಯಾವುದು ಅಂತ ನೀನೇ ಹುಡುಕಬೇಕು. ಒಂದು ದಾರಿ ನಿನ್ನ ಪುಟಗಳಲ್ಲೇ ಇದೆ. ಮಂಜುವಿನ ಅಪ್ಪ ಕಾರ್ಖಾನೆಗೆ ಕಬ್ಬು ಹಾಕುವವರು, ಆದರೂ ಪರೀಕ್ಷಾ ಶುಲ್ಕದ ದುಡ್ಡು ಅವನ ಜೇಬಿನಲ್ಲಿ ಯಾವಾಗಲೂ ಸಿದ್ಧವಾಗಿರುತ್ತೆ. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತೆ. ಬಿಲ್ಲಿಗಾಗಿ ತಿಂಗಳುಗಟ್ಟಲೆ ಕಾದ ಮನೆಗಳನ್ನು ನಾನು ಕಂಡಿದ್ದೇನೆ. ಅಂಥ ಮನೆಯಿಂದ ಬಂದ ಹುಡುಗನ ದುಡ್ಡನ್ನು ಚೈತ್ರಾ ಏನು ಮಾಡಿದಳು? ಯೋಚಿಸು.

ಇನ್ನು ಅವರು ಮಾಡುವ ಧೈರ್ಯದ ವಿಚಾರ. ಬೆಂಗಳೂರಿನ ಕೆಲಸ ಬಿಟ್ಟು ಬಂದು ಮಂಜು ಆಲೆಮನೆ ಹಾಕುವುದನ್ನೇ ನೀನು ದೊಡ್ಡ ಸಾಹಸ ಅಂದುಕೊಂಡಿದ್ದೀಯ. ಕೆಲಸ ಹೋದರೆ ಇನ್ನೊಂದು ಸಿಗುತ್ತೆ. ಹತ್ತು ವರ್ಷದ ಮೇಲೆ ವಾಪಸ್ಸು ಸಿಕ್ಕಿರುವ ಗೆಳತಿಯ ಮುಂದೆ ನೀನಂದ್ರೆ ಇಷ್ಟ ಅಂತ ಬಾಯಿ ಬಿಡುವಾಗ, ಸಿಕ್ಕಿದ್ದೂ ಕೈ ತಪ್ಪಬಹುದು. ಆ ಭಯ ನಿನ್ನ ಕಡೆಯ ಅಧ್ಯಾಯದಲ್ಲಿ ನನಗೆ ಕಾಣಲಿಲ್ಲ. ಬೈಕು ಜೋರಾಗಿ ಓಡುತ್ತೆ, ಅವನು ಕೂಗಿ ಹೇಳುತ್ತಾನೆ, ಅವಳು ನಗುತ್ತಾಳೆ, ಮುಗಿಯಿತು.

ಅಂದ ಹಾಗೆ, ಆ ಬೈಕು ಅಲ್ಲಿ ಓಡುವಂತೆಯೇ ಇಲ್ಲ. ನಿನ್ನ ಕಥೆ 2024ರದ್ದು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋಗಳಿಗೆ ಪ್ರವೇಶವಿಲ್ಲ. ಮದ್ದೂರು, ಮಂಡ್ಯ ಎರಡಕ್ಕೂ ಬೈಪಾಸ್ ಆಗಿದೆ, ವಡೆ ತಿನ್ನಲು ಊರೊಳಗೇ ಹೋಗಬೇಕು. ಇದು ನಿನಗೆ ಅನುಕೂಲವೇ. ಅವರನ್ನು ಸರ್ವೀಸ್ ರಸ್ತೆಗೆ ಇಳಿಸು. ಹಂಪುಗಳಿರಲಿ, ಕಬ್ಬಿನ ಟ್ರ್ಯಾಕ್ಟರ್ ಹಿಂದೆ ನಿಧಾನ ಮಾಡಬೇಕಾಗಲಿ. ಹೇಳೋಣ ಅಂತ ಅವನು ಬಾಯಿ ತೆರೆದಾಗಲೆಲ್ಲ ಒಂದು ಊರು ಬರಲಿ, ಅವನು ಸುಮ್ಮನಾಗಲಿ. ಶ್ರೀರಂಗಪಟ್ಟಣದ ಹೊಳೆ ದಾಟುವಾಗಲೂ ಅವನು ಹೇಳಿರಬಾರದು.

ಭಾಷೆಯ ವಿಚಾರ ಮುಖಾಮುಖಿ ಮಾತಾಡೋಣ, ಅದು ಅವಸರದ್ದಲ್ಲ. ಭಾನುವಾರ ಸಂಜೆ ಮನೆಯಲ್ಲೇ ಇರುತ್ತೇನೆ. ಇಡೀ ಕಟ್ಟು ಹೊತ್ತು ತರಬೇಡ, ಆರನೇ ಅಧ್ಯಾಯ ಸಾಕು. ಕೈಬರಹದಲ್ಲಿದ್ದರೂ ಪರವಾಗಿಲ್ಲ.

ನಿನ್ನ,
ಅಕ್ಕ