‘ಸರ್’ ಅನ್ನದಿದ್ದರೆ ಕೆಲಸ ಆಗಲ್ವಾ?

ಮಾನ್ಯರೇ,

ನಮ್ಮ ಬಾಗಲಕೋಟೆ ಕಡೆ ಮಾತಿನ ಕೊನೆಗೆ ಒಂದು ‘ರೀ’ ಹಚ್ಚಿದರೆ ಮರ್ಯಾದೆ ಕೊಟ್ಟಂತೆ. ಕಾಯಿಪಲ್ಲೆ ಮಾರುವವರಿಗೂ ಅದೇ, ತಹಶೀಲ್ದಾರರಿಗೂ ಅದೇ. ಆದರೆ ಮೊನ್ನೆ ಒಂದು ಕಚೇರಿಯಲ್ಲಿ, ಪಹಣಿ ತಿದ್ದುಪಡಿಗೆ ಬಂದಿದ್ದ ಹಿರಿಯ ರೈತರೊಬ್ಬರು ‘ಅಣ್ಣಾರ, ನಮ್ಮ ಕಾಗದ ಎಲ್ಲಿಗೆ ಬಂತ್ರಿ’ ಎಂದು ಕೇಳಿದ್ದಕ್ಕೆ, ‘ಸರ್ ಅನ್ನಾಕ ಬರಂಗಿಲ್ಲೇನು’ ಎಂಬ ಉತ್ತರ ಸಿಕ್ಕಿತು. ಹೇಳಿದವನು ಅವರ ಮೊಮ್ಮಗನ ವಯಸ್ಸಿನವನು!

ಕೋರ್ಟಿನಲ್ಲೇ ಇಷ್ಟು ಬಿಗಿ ಇಲ್ಲ. ‘ಮೈ ಲಾರ್ಡ್’, ‘ಯುವರ್ ಲಾರ್ಡ್‌ಶಿಪ್’ ಬ್ರಿಟಿಷರ ಕಾಲದ ಪಳೆಯುಳಿಕೆ ಎಂದು ಭಾರತೀಯ ವಕೀಲರ ಪರಿಷತ್ತು 2006ರಲ್ಲೇ ನಿಯಮ ಬದಲಿಸಿತು. ಹೈಕೋರ್ಟ್, ಸುಪ್ರೀಂ ಕೋರ್ಟಿನಲ್ಲಿ ‘ಯುವರ್ ಆನರ್’ ಅನ್ನಬಹುದು ಎಂದು ಆಗ ಹೇಳಿತ್ತು; ಕೆಳಗಿನ ಕೋರ್ಟುಗಳಲ್ಲಿ ‘ಸರ್’ ಅಥವಾ ಆಯಾ ಭಾಷೆಯಲ್ಲಿ ಅದಕ್ಕೆ ಸಮನಾದ ಮಾತು. ಅಂದರೆ ನ್ಯಾಯಾಧೀಶರನ್ನೇ ಕನ್ನಡದಲ್ಲಿ ಕರೆಯಲು ಅಡ್ಡಿಯಿಲ್ಲ. (ಆದರೂ ಎಷ್ಟೋ ವಕೀಲರಿಗೆ ‘ಮೈ ಲಾರ್ಡ್’ ಬಿಡಲು ಆಗಿಲ್ಲ, ಅದು ಬೇರೆ ಮಾತು.) 2012ರಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ದೇಶದೊಳಗೆ ತಮಗೆ ‘ಹಿಸ್ ಎಕ್ಸಲೆನ್ಸಿ’ ಬೇಡ ಅಂದರು. ಅವರ ಘನತೆ ಏನೂ ಕಡಿಮೆ ಆಗಲಿಲ್ಲ, ಅಲ್ವಾ?

‘ಸರ್’ ಅನ್ನಲೇಬೇಡಿ ಅಂತ ನಾನು ಹೇಳುತ್ತಿಲ್ಲ. ‘ಹೌದ್ರಿ ಸರ’ ಅಂತ ಎರಡನ್ನೂ ಸೇರಿಸಿ ನಾವು ಅದನ್ನು ಎಂದೋ ನಮ್ಮದು ಮಾಡಿಕೊಂಡಿದ್ದೇವೆ. ಕೇಳಿ ಪಡೆಯುವುದು ಮಾತ್ರ ಸರಿಯಲ್ಲ. ಕೌಂಟರಿನಲ್ಲಿ ಕೂರುವ ಸಿಬ್ಬಂದಿಗೆ ಜಿಲ್ಲಾಡಳಿತ ಇದನ್ನು ಒಂದು ಸಾಲಿನಲ್ಲಾದರೂ ತಿಳಿಸಲಿ.

– ಒಬ್ಬ ಓದುಗ, ಬಾಗಲಕೋಟೆ