ಇಂಡೆಕ್ಸ್ ವಿಷಯ ಮುಚ್ಚಿಟ್ಟು ನೋಡ್ ಮಾರಿದ್ದಕ್ಕೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಹೆಚ್ಚುವರಿ ನೋಡ್‌ಗಳ (ಡೇಟಾ ಇಡುವ ಸರ್ವರ್‌ಗಳ) ಬಾಡಿಗೆ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಇದೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಗಳಿಗೆ ಲಾಟ್ (ಒಟ್ಟಿಗೆ ಮಾರುವ ಚೀಲಗಳ ಗುಂಪು) ಮತ್ತು ಬಿಲ್ಲಿನ ಲೆಕ್ಕ ಇಡುವ ಪ್ರೋಗ್ರಾಂ ಮಾಡಿಕೊಟ್ಟಿದ್ದೇವೆ. ಅದರ ಡೇಟಾ ಎಲ್ಲಾ, ಹಲವು ನೋಡ್‌ಗಳಲ್ಲಿ ಹಂಚಿ ಇಡುವ ನಿಮ್ಮ ನೋಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲೇ ಇದೆ.

ನಮ್ಮ ಟೇಬಲ್‌ಗೆ ಅಂಗಡಿ ನಂಬರ್ರೇ ಪಾರ್ಟಿಷನ್ ಕೀ. ಯಾವ ಅಂಗಡಿಯ ಲಾಟ್ ಯಾವ ನೋಡ್‌ನಲ್ಲಿ ಕೂರಬೇಕು ಅನ್ನೋದು ಅದರ ಹ್ಯಾಶ್ (ಆ ನಂಬರಿನಿಂದ ಲೆಕ್ಕ ಹಾಕಿ ತೆಗೆದ ಸಂಖ್ಯೆ) ಮೇಲೆ ತೀರ್ಮಾನ ಆಗುತ್ತದೆ. ಅಂಗಡಿಯವರು ತಮ್ಮ ಲಾಟ್ ಕೇಳಿದರೆ ತಕ್ಷಣ ಬರುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ಖರೀದಿದಾರರು ಒಂದೇ ಅಂಗಡಿಯಲ್ಲಿ ಕೊಳ್ಳುವುದಿಲ್ಲ. ಟೆಂಡರ್ ಮುಗಿದ ಮೇಲೆ ಅವರಿಗೆ ಬೇಕಾದದ್ದು ಇಡೀ ಮಾರುಕಟ್ಟೆಯಲ್ಲಿ ತಮ್ಮ ಹೆಸರಿಗೆ ಬಂದ ಲಾಟ್‌ಗಳ ಪಟ್ಟಿ. ಅದಕ್ಕಾಗಿ ಖರೀದಿದಾರರ ಹೆಸರಿನ ಮೇಲೆ ಸೆಕೆಂಡರಿ ಇಂಡೆಕ್ಸ್ (ಪಾರ್ಟಿಷನ್ ಕೀ ಬಿಟ್ಟು ಬೇರೆ ವಿವರದಿಂದ ಹುಡುಕಲು ಇಡುವ ಸೂಚಿ) ಕೇಳಿದೆವು. "ಒಂದು ಬಟನ್ ಒತ್ತಿ ಸಾಕು" ಅಂದಿರಿ. ಒತ್ತಿದೆವು.

ಆ ಇಂಡೆಕ್ಸ್ ಲೋಕಲ್ ಅನ್ನೋದನ್ನು ಮಾತ್ರ ಹೇಳಲಿಲ್ಲ. ಪ್ರತಿ ನೋಡ್ ತನ್ನಲ್ಲಿರುವ ಲಾಟ್‌ಗಳಿಗಷ್ಟೇ ಇಂಡೆಕ್ಸ್ ಇಟ್ಟುಕೊಳ್ಳುತ್ತದೆ. ಮಾರುಕಟ್ಟೆಗೆಲ್ಲಾ ಒಂದೇ ರಿಜಿಸ್ಟರ್ ಇಲ್ಲದೆ, ಅಂಗಡಿಗೊಂದು ಖಾತೆ ಪುಸ್ತಕ ಇದ್ದ ಹಾಗೆ. ಒಬ್ಬ ಖರೀದಿದಾರರ ಲೆಕ್ಕ ಬೇಕೆಂದರೆ ಎಲ್ಲಾ ಅಂಗಡಿಗೂ ಹೋಗಿ ಕೇಳಬೇಕು. ನಾವು ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯೂ ಹೀಗೆ ಎಲ್ಲಾ ನೋಡ್‌ಗೂ ಹೋಗಿ, ಅತಿ ನಿಧಾನದ ನೋಡ್ ಉತ್ತರ ಕೊಡುವವರೆಗೂ ಕಾಯುತ್ತದೆ. ಸೋಮವಾರ, ಗುರುವಾರ ವ್ಯಾಪಾರದ ದಿನ. ಆ ದಿನಗಳಲ್ಲಿ ಪಟ್ಟಿ ಬಾರದೆ ತೂಕ ನಿಲ್ಲುತ್ತದೆ, ಹಮಾಲರು ಚೀಲದ ಪಕ್ಕದಲ್ಲೇ ಸುಮ್ನೆ ಕೂರಬೇಕಾಗುತ್ತದೆ.

ದೂರು ಕೊಟ್ಟಾಗ ನಿಮ್ಮವರು ಹೇಳಿದ ಪರಿಹಾರ, ನೋಡ್ ಜಾಸ್ತಿ ಮಾಡಿ ಅಂತ. 6 ಇದ್ದದ್ದು 9 ಆಯಿತು. ಇದೇ ನಮಗೆ ತುಂಬಾ ಬೇಸರ ತಂದ ಸಂಗತಿ. ಪ್ರತಿ ನೋಡ್ 100ರಲ್ಲಿ 1 ಸಲ ತಡ ಮಾಡುತ್ತದೆ ಅಂತಿಟ್ಟುಕೊಳ್ಳಿ. 6 ನೋಡ್‌ಗೂ ಕಾಯುವ ಪ್ರಶ್ನೆ 100ರಲ್ಲಿ ಸುಮಾರು 6 ಸಲ ತಡವಾಗುತ್ತದೆ, 9 ನೋಡ್ ಆದರೆ ಸುಮಾರು 9 ಸಲ. ಇಂಥ ಪ್ರಶ್ನೆಗೆ ನೋಡ್ ಹೆಚ್ಚಿದಷ್ಟೂ ಕಾಯುವ ಕಷ್ಟ ಹೆಚ್ಚುತ್ತದೆ. ಡೇಟಾಬೇಸ್ ಮಾರುವವರಿಗೆ ಇದು ಗೊತ್ತಿರಬೇಕಲ್ವಾ? ಕಸ್ಸಾಂಡ್ರ ಅನ್ನೋ ಇನ್ನೊಂದು ಡೇಟಾಬೇಸ್‌ನ ದಾಖಲೆಗಳಲ್ಲಿ ಸೆಕೆಂಡರಿ ಇಂಡೆಕ್ಸ್ ಎಲ್ಲಿ ಬಳಸಬಾರದು ಅನ್ನೋ ಎಚ್ಚರಿಕೆ ಇದೆ. ನಿಮ್ಮ ಕೈಪಿಡಿಯಲ್ಲಿ ಅಂಥ ಒಂದು ಸಾಲೂ ಇಲ್ಲ.

ಆಮೇಲೆ ಗ್ಲೋಬಲ್ ಇಂಡೆಕ್ಸ್ ಕೊಟ್ಟಿರಿ. ಇದರಲ್ಲಿ ಖರೀದಿದಾರರ ಹೆಸರೇ ಪಾರ್ಟಿಷನ್ ಕೀ, ಹಾಗಾಗಿ ಪ್ರಶ್ನೆ ಒಂದೇ ಕಡೆ ಹೋಗುತ್ತದೆ. ವೇಗ ಬಂತು, ನಿಜ. ಆದರೆ ಮೂಲ ಟೇಬಲ್‌ಗೆ ಬರೆದದ್ದು ಇಂಡೆಕ್ಸ್‌ಗೆ ಸ್ವಲ್ಪ ತಡವಾಗಿ ತಲುಪುತ್ತದೆ. ಕೊನೆಯ ಲಾಟ್ ನಮೂದಿಸಿ ಕೂಡಲೇ ಬಿಲ್ ಪ್ರಿಂಟ್ ಕೊಟ್ಟರೆ 12 ಲಾಟ್‌ಗಳಲ್ಲಿ 11 ಮಾತ್ರ ಬಂದವು. ಬಿಟ್ಟುಹೋದದ್ದು ಡಬ್ಬಿ ಕಾಯಿಯ (ಮೆಣಸಿನಕಾಯಿಯ ಒಂದು ಬಗೆ) ಲಾಟ್, ಅದರ ಹಣವೇ ಬಿಲ್ಲಿನಲ್ಲಿಲ್ಲ! ಪುಣ್ಯಕ್ಕೆ ಅಂಗಡಿಯ ಗುಮಾಸ್ತರು ಚೀಟಿ ತಾಳೆ ನೋಡಿ ಹಿಡಿದರು. ಅಮೆಜಾನ್‌ನವರ ಡೇಟಾಬೇಸ್ ಡೈನಮೊಡಿಬಿಯ ಗ್ಲೋಬಲ್ ಇಂಡೆಕ್ಸ್‌ನಲ್ಲೂ ಈ ಮಿತಿ ಇದೆ, ಆದರೆ ಅದನ್ನು ಅವರು ಬಚ್ಚಿಟ್ಟಿಲ್ಲ. ಮೊದಲೇ ತಿಳಿದಿದ್ದರೆ ಬಿಲ್ಲಿನ ಲೆಕ್ಕವನ್ನು ಮೂಲ ಟೇಬಲ್‌ನಿಂದಲೇ ತೆಗೆಯುವ ಹಾಗೆ ಪ್ರೋಗ್ರಾಂ ಬರೆಯುತ್ತಿದ್ದೆವು. ಈಗ ಹಾಗೇ ತಿದ್ದಿದ್ದೇವೆ, ಸೀಸನ್ ಮಧ್ಯದಲ್ಲಿ, ರಾತ್ರಿ ನಿದ್ದೆಗೆಟ್ಟು.

ನಿಮ್ಮ ಸಲಹೆಯ ಮೇರೆಗೆ ಸೇರಿಸಿದ 3 ನೋಡ್‌ಗಳ ಬಾಡಿಗೆಯನ್ನು ಪೂರ್ತಿ ವಾಪಸ್ ಕೊಡಿ. ಇಂಡೆಕ್ಸ್ ಹಾಕುವ ಪರದೆಯಲ್ಲೇ ಅದು ಲೋಕಲ್ಲೋ ಗ್ಲೋಬಲ್ಲೋ, ಬರೆದದ್ದು ತಕ್ಷಣ ಕಾಣುತ್ತದೋ ಇಲ್ಲವೋ ಅಂತ ತೋರಿಸಿ. ಒಂದು ಪ್ರಶ್ನೆ ಎಷ್ಟು ನೋಡ್ ಮುಟ್ಟಿತು ಅನ್ನೋ ವಿವರವನ್ನೂ ಗ್ರಾಹಕರಿಗೆ ಕೊಡಿ.

ಫೋನ್‌ನಲ್ಲಿ ಸಮಾಧಾನ ಹೇಳುವುದು ಬೇಡ. ಹಣ ಯಾವಾಗ ಬರುತ್ತದೆ ಅನ್ನೋದನ್ನು ತಾರೀಖು ಸಮೇತ ಲಿಖಿತವಾಗಿ ತಿಳಿಸಿ.

ಇತಿ,
ನಿಮ್ಮ ಗ್ರಾಹಕ
ಹುಬ್ಬಳ್ಳಿ