ಯುಗಾದಿಗೂ ನೀರು ಉಳಿಸಿದವರಿಗೆ

2025ರ ಯುಗಾದಿ ದಿನ ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡವನು ಸ್ನಾನಕ್ಕೂ ಹೋಗದೆ ಹಳ್ಳದ ಕಡೆ ನಡೆದೆ. ನಾವು ಹಳ್ಳಕ್ಕೆ ಅಡ್ಡ ಕಟ್ಟಿದ ಮೂರನೇ ಕಟ್ಟೆಯ ಹಿಂದೆ ಮೊಣಕಾಲುದ್ದ ನೀರಿತ್ತು. ಜಾಸ್ತಿ ಏನಲ್ಲ, ನಾಲ್ಕು ಎಮ್ಮೆ ಮಲಗಿದರೆ ಜಾಗ ಭರ್ತಿ. ಆದರೆ ಯುಗಾದಿ ಹೊತ್ತಿಗೆ ನಮ್ಮ ಹಳ್ಳದಲ್ಲಿ ನೀರು ಕಂಡಿದ್ದು ನನ್ನ ತಿಳಿವಳಿಕೆಯಲ್ಲಿ ಇದೇ ಮೊದಲು. ದೀಪಾವಳಿಗೆ ಇದ್ದದ್ದು ಸಂಕ್ರಾಂತಿಗೆ ಇರುತ್ತಿರಲಿಲ್ಲ. ಎಷ್ಟೋ ವರ್ಷ ದೀಪಾವಳಿಗೂ ಇರುತ್ತಿರಲಿಲ್ಲ.

ಅಲ್ಲೇ ಕಲ್ಲಿನ ಮೇಲೆ ಕೂತಾಗ ಒಬ್ಬೊಬ್ಬರೇ ನೆನಪಾದರು. ಎದುರಿಗೆ ಸಿಕ್ಕಾಗ ಥ್ಯಾಂಕ್ಸ್ ಹೇಳುವ ಪದ್ಧತಿ ನಮ್ಮ ಕಡೆ ಇಲ್ಲ. 'ಊಟ ಆಯ್ತಾ' ಅಂತ ಕೇಳಿ ಮುಂದೆ ಹೋಗುತ್ತೇವೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನದು. ವೇದಾವತಿಗೆ ಸೇರುವ ಒಂದು ಸಣ್ಣ ಹಳ್ಳದ ದಂಡೆ. ಬಾಬಾಬುಡನಗಿರಿಯ ಕಡೆ ಹುಟ್ಟುವ ವೇದಾ, ಆವತಿ ಎರಡೂ ಕೂಡಿ ವೇದಾವತಿ ಆಗುತ್ತಾಳೆ. ಇಲ್ಲಿಗೆ ಬರುವಷ್ಟರಲ್ಲಿ ಅವಳಿಗೇ ಸುಸ್ತು. ಮಾರಿಕಣಿವೆಯಲ್ಲಿ ಅವಳನ್ನು ನಿಲ್ಲಿಸಿ ಕಟ್ಟಿದ ವಾಣಿ ವಿಲಾಸ ಸಾಗರದ ಕೆಲಸ 1898ರಲ್ಲಿ ಶುರುವಾಗಿ 1907ಕ್ಕೆ ಮುಗಿಯಿತು. ಅದು 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಮಧ್ಯೆ 89 ವರ್ಷ. ನಮ್ಮಜ್ಜ ಕೋಡಿ ನೋಡಿದ್ದ, ನಾನು ನೋಡಿದೆ, ಅಪ್ಪ ನೋಡದೆ ಹೋದ.

ಡ್ಯಾಂ ತುಂಬಿದರೂ ನಮ್ಮ ಹೊಲಗಳಿಗೆ ಅದರ ನೀರು ಹತ್ತುವುದಿಲ್ಲ. ನಾವು ಎತ್ತರದಲ್ಲಿದ್ದೇವೆ. ನಮಗೆ ಮೇಲಿಂದ ಬಿದ್ದದ್ದೇ ಗತಿ. ಬೀಳುವುದೋ ವರ್ಷಕ್ಕೆ ಐನೂರು, ಐನೂರೈವತ್ತು ಮಿಲಿಮೀಟರ್. ಅದೂ ಹಿಂಗಾರಿನಲ್ಲೇ ಜಾಸ್ತಿ, ನಾಲ್ಕೈದು ದೊಡ್ಡ ಮಳೆಯಲ್ಲಿ. ಚಿತ್ತೆ ಮಳೆ ಕುರುಡು ಅಂತಾರಲ್ವಾ, ನನ್ನ ಹೊಲಕ್ಕೆ ಬಿದ್ದರೆ ಪಕ್ಕದವನ ಹೊಲಕ್ಕಿಲ್ಲ. ಆ ನಾಲ್ಕೈದು ಮಳೆ ಓಡಿಹೋಯಿತೋ, ವರ್ಷವೇ ಓಡಿಹೋದಂತೆ.

2016ರಲ್ಲಿ ನನ್ನ ಬೋರ್ ನಿಂತಿತು. ಇನ್ನೊಂದು ಕೊರೆಸಿದೆ. ಬರೀ ಧೂಳು. ರಿಗ್ ಲಾರಿಯವರು ಹೊರಡುವಾಗ ಹಂಚಿಕಡ್ಡಿಯಂತೆ ಒಣಗಿದ ತೆಂಗಿನ ಗರಿಯ ಮೇಲೆಲ್ಲಾ ಬಿಳಿ ಪುಡಿ ಕೂತಿತ್ತು. ಆ ಸಾಲ ತೀರಿಸಲು ಎರಡು ವರ್ಷ ಹಿಡಿಯಿತು. ಅವತ್ತು ಪಕ್ಕದೂರಿನ ಹಿರಿಯರೊಬ್ಬರು ಬಂದು ಕೇಳಿದ ಮಾತಿಗೆ ಮೊದಲ ನಮಸ್ಕಾರ: 'ಮೂರು ಎಕರೆ ಮೇಲೆ ಬಿದ್ದ ಮಳೆನ ಏನ್ ಮಾಡ್ದೆ?'

ಅವರ ಊರಿನಲ್ಲಿ ಸುಜಲ ಯೋಜನೆ ನಡೆದಿತ್ತು. 2001ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಚಿತ್ರದುರ್ಗವೂ ಸೇರಿ ಐದು ಜಿಲ್ಲೆಗಳಲ್ಲಿ ಶುರುವಾದ, ಮಳೆ ನೀರು ಮಣ್ಣು ಎರಡನ್ನೂ ಬಿದ್ದಲ್ಲೇ ಹಿಡಿದಿಡುವ ಜಲಾನಯನ ಕೆಲಸ ಅದು. ಯೋಜನೆ ಮುಗಿದರೂ ಇವರು ಕಲಿತದ್ದನ್ನು ಬಿಟ್ಟಿರಲಿಲ್ಲ. ಒಂದು ಕಡ್ಡಿ ತಗೊಂಡು ನೆಲದ ಮೇಲೆ ಲೆಕ್ಕ ಬರೆದರು. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ನಾಲ್ಕು ಸಾವಿರ ಲೀಟರ್ ಮೇಲೆ. ಐನೂರು ಬಿದ್ದರೆ ಇಪ್ಪತ್ತು ಲಕ್ಷ ಲೀಟರ್. ನನ್ನ ಮೂರು ಎಕರೆಗೆ ಅರವತ್ತು ಲಕ್ಷ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಇಷ್ಟು ವರ್ಷ ಅರವತ್ತು ಲಕ್ಷ ಲೀಟರ್ ಯಜಮಾನ ಅಂತ ಗೊತ್ತೇ ಇರಲಿಲ್ಲ.

ಗುಡ್ಡದಿಂದ ಶುರು ಮಾಡು, ಹಳ್ಳಕ್ಕೆ ಕೊನೆಗೆ ಬಾ ಅಂದರು. ನಾವು ಕೇಳಲಿಲ್ಲ. ಕಟ್ಟೆ ಕಟ್ಟಿದರೆ ಕಣ್ಣಿಗೆ ಕಾಣುತ್ತದೆ, ಗುಡ್ಡದ ಗುಂಡಿ ಯಾರಿಗೆ ಕಾಣುತ್ತದೆ? ಏಳೆಂಟು ಜನ ದುಡ್ಡು ಹಾಕಿ 2017ರ ಬೇಸಿಗೆಯಲ್ಲಿ ಹಳ್ಳಕ್ಕೆ ಅಡ್ಡ ಕಲ್ಲುಕಟ್ಟೆ ಕಟ್ಟಿದೆವು. ಕುರಿ ಕಾಯುವ ಅಜ್ಜನೊಬ್ಬ ದೊಣ್ಣೆ ಊರಿಕೊಂಡು ನಿಂತು ನೋಡಿದ. 'ಇಲ್ಲಿ ನೀರು ನಿಲ್ಲಲ್ಲ ಕಣ್ರೋ, ಎಡಗಡೆ ದಡ ಮೆತ್ತಗೈತೆ' ಅಂದ. ಯಾರೋ ನಕ್ಕರು. ನಾನೂ ನಕ್ಕೆ. ಉತ್ತರೆ ಮಳೆ ಒಂದೇ ರಾತ್ರಿಯಲ್ಲಿ ಎಡದಡವನ್ನು ಕೊರೆದುಕೊಂಡು ಹೊರಟುಹೋಯಿತು. ಕಟ್ಟೆ ಹಾಗೇ ನಿಂತಿತ್ತು, ಒಂದು ಕಲ್ಲೂ ಅಲುಗಿರಲಿಲ್ಲ. ನೀರು ಮಾತ್ರ ಪಕ್ಕದಲ್ಲಿ ಹೊಸ ದಾರಿ ಮಾಡಿಕೊಂಡಿತ್ತು. ಕಟ್ಟೆಯ ಎರಡೂ ತುದಿಯನ್ನು ದಡದೊಳಗೆ ಆಳಕ್ಕೆ ಕೂರಿಸಬೇಕು ಅನ್ನುವುದು ಆಮೇಲೆ ತಿಳಿಯಿತು. ತಪ್ಪು ಪೂರ್ತಿ ನಮ್ಮದೇ.

ಅಜ್ಜನ ಮನೆಗೆ ಹೋದೆ. ನಿನ್ನ ಮಾತು ಕೇಳಬೇಕಿತ್ತು ಅಂದೆ. ಆತ ಬೀಡಿ ಹಚ್ಚಿ, 'ನಡಿ' ಅಂದ. ಬೆಳಿಗ್ಗೆಯಿಂದ ಸಂಜೆವರೆಗೆ ಹಳ್ಳದುದ್ದಕ್ಕೂ ನಡೆಸಿದ. ಕುರಿಗಳು ಬೇಸಿಗೆಯಲ್ಲಿ ಎಲ್ಲಿ ನೆಲ ಮೂಸುತ್ತವೆ, ಯಾವ ಬಂಡೆಯ ಕೆಳಗೆ ಸಂಕ್ರಾಂತಿಯಲ್ಲೂ ಕೈಯಿಂದ ಮರಳು ತೋಡಿದರೆ ಒದ್ದೆ ಸಿಗುತ್ತದೆ, ಎಲ್ಲಿ ಬೇವಿನ ಮರ ಸಾಯುವುದಿಲ್ಲ, ಎಲ್ಲ ತೋರಿಸಿದ. ಮೂರು ಕಡೆ ದೊಣ್ಣೆಯಿಂದ ನೆಲ ಕುಟ್ಟಿ 'ಇಲ್ಲಿ' ಅಂದ. ಇವತ್ತು ನೀರು ನಿಂತಿರುವ ಮೂರು ಕಟ್ಟೆಗಳೂ ಆ ಮೂರು ಜಾಗದಲ್ಲೇ ಇವೆ. ಮಳವಳ್ಳಿಯ ದಾಸನದೊಡ್ಡಿ ಕಡೆ ಗುಡ್ಡದ ಮೇಲೆ ಪ್ರಾಣಿ ಪಕ್ಷಿಗಳಿಗೆಂದು ಕಟ್ಟೆಗಳನ್ನು ತೋಡಿದ ಕಾಮೇಗೌಡರ ಸುದ್ದಿ ನೀವು ಕೇಳಿರುತ್ತೀರಿ. ಅವರೂ ಕುರಿ ಕಾಯುತ್ತಿದ್ದವರೇ. ಕುರಿಯ ಹಿಂದೆ ನಡೆದವರಿಗೆ ನೆಲ ಬೇರೆ ಥರ ಕಾಣುತ್ತದೆ ಅನಿಸುತ್ತದೆ. ನಮ್ಮೂರ ಆ ಕುರಿ ಅಜ್ಜ ಈಗಿಲ್ಲ. ಎರಡನೇ ಕಟ್ಟೆಯ ನೀರು ನೋಡಿಕೊಂಡು ಹೋದ, ಅಷ್ಟು ಸಮಾಧಾನ.

ಆಮೇಲೆ ಬುದ್ಧಿ ಬಂದು ಗುಡ್ಡ ಹತ್ತಿದೆವು. ಉದ್ಯೋಗ ಖಾತ್ರಿಯಲ್ಲಿ ಕಂದಕ ಬದು ತೋಡಿದ್ದು ಹೆಚ್ಚಾಗಿ ಹೆಣ್ಣುಮಕ್ಕಳೇ. ಮೂರು ಕೋಲು ಕಟ್ಟಿ ಏಣಿಯಂತೆ ಒಂದು ಚೌಕಟ್ಟು, ಮಧ್ಯೆ ದಾರಕ್ಕೆ ಕಲ್ಲು. ಎರಡೂ ಕಾಲು ಒಂದೇ ಮಟ್ಟದಲ್ಲಿದ್ದರೆ ದಾರ ನಡುವಿನ ಗುರುತಿಗೆ ಬಂದು ನಿಲ್ಲುತ್ತದೆ. ಅದನ್ನು ತಿರುಗಿಸುತ್ತಾ ತಿರುಗಿಸುತ್ತಾ ಸುಣ್ಣದ ಗೆರೆ ಎಳೆದುಕೊಂಡು ಹೋದರು. ನಾವು ಗಂಡಸರು ಕಣ್ಣಂದಾಜಿನಲ್ಲಿ ಎಳೆದ ಗೆರೆ ಒಂದು ಕಡೆ ಇಳಿದುಬಿಟ್ಟಿತ್ತು. ಅವರು ಅದನ್ನು ಮುಚ್ಚಿ ಮತ್ತೆ ತೋಡಿದರು, ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಜಾಸ್ತಿ ನೋವಾಯಿತು. ಕೂಲಿ ದುಡ್ಡು ತಡವಾದಾಗಲೂ ಅವರು ಕೆಲಸ ಅರ್ಧಕ್ಕೆ ಬಿಡಲಿಲ್ಲ. ಮಳೆಗಾಲ ಕಾಯುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ತಂಗಿಯರೇ, ಅಕ್ಕಂದಿರೇ, ನಿಮ್ಮ ಕೈಗುಳ್ಳೆಗಳಿಗೆ ನಮಸ್ಕಾರ.

ಬೋರ್ ಮರುಪೂರಣದ, ಅಂದರೆ ಮಳೆ ನೀರನ್ನು ಬೋರಿಗೆ ಇಳಿಸುವ ಮಾತು ಬಂದರೆ ನಮ್ಮ ಜಿಲ್ಲೆಯವರೇ ಆದ ಭೂವಿಜ್ಞಾನಿ ಎನ್.ಜೆ. ದೇವರಾಜ ರೆಡ್ಡಿಯವರ ಹೆಸರು ಹೇಳಲೇಬೇಕು. ಅವರನ್ನು ನಾನು ಮುಖತಃ ಕಂಡಿಲ್ಲ. ವಿಧಾನ ಮಾತ್ರ ಬಾಯಿಂದ ಬಾಯಿಗೆ ನಮ್ಮೂರಿಗೂ ಬಂತು. ಬೋರಿನ ಸುತ್ತ ಹತ್ತಡಿ ಗುಂಡಿ, ಕೇಸಿಂಗ್ ಪೈಪಿಗೆ ತೂತು, ಅದರ ಸುತ್ತ ಬಿಗಿಯಾಗಿ ಬಲೆ, ಕೆಳಗೆ ದಪ್ಪ ಕಲ್ಲು, ಮೇಲೆ ಬರುತ್ತಾ ಸಣ್ಣ ಜಲ್ಲಿ, ಮರಳು. ಕೆಸರು ನೀರು ನೇರ ಒಳಗೆ ಬಿಡಬಾರದು. ನಮ್ಮಲ್ಲಿ ಒಬ್ಬ ಅವಸರಕ್ಕೆ ಬಿಟ್ಟು ಬೋರ್ ಹೂಳಿಸಿಕೊಂಡ. ಅವನ ಹೆಸರು ಬೇಡ, ಇದನ್ನು ಓದಿ ಅವನೇ ನಗುತ್ತಾನೆ.

ಇನ್ನು ಜಾಗ ಕೊಟ್ಟವರ ವಿಷಯ. ಹಳ್ಳಿಯಲ್ಲಿ ದುಡ್ಡು ಕೇಳಬಹುದು, ಬದು ಕೇಳಬಾರದು. ಒಂದು ಅಡಿ ಬದುವಿಗೆ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ನಮ್ಮಲ್ಲೇ ಇವೆ. ಮೂರನೇ ಕಟ್ಟೆಯ ಹಿಂದೆ ನೀರು ನಿಂತರೆ ಒಬ್ಬ ಅವ್ವನ ಎರಡು ಗುಂಟೆ ಮುಳುಗುತ್ತಿತ್ತು. ಇದ್ದದ್ದೇ ಒಂದು ಎಕರೆ. ಗಂಡ ಇಲ್ಲ, ಮಗ ಬೆಂಗಳೂರಿನಲ್ಲಿ. ಕೇಳಲು ಹೋದವರು ಮಜ್ಜಿಗೆ ಕುಡಿದು ಕೇಳದೇ ವಾಪಸ್ ಬಂದೆವು. ಎರಡನೇ ಸಲವೂ ಹಾಗೇ. ಮೂರನೇ ಸಲ ಅವ್ವನೇ, 'ಮಜ್ಜಿಗೆ ಖಾಲಿಯಾಗೈತೆ, ಬಂದಿದ್ದೇನು ಹೇಳ್ರಪ್ಪ' ಅಂದಳು. ಹೇಳಿದೆವು. ಸ್ವಲ್ಪ ಹೊತ್ತು ಸುಮ್ನಿದ್ದು, 'ನೀರು ಇಳಿದ ಮೇಲೆ ಅಲ್ಲಿ ಕಡಲೆ ಬಿತ್ತೋಕೆ ಬಿಡ್ತೀರಾ?' ಅಂತ ಕೇಳಿದಳು. ಅಷ್ಟೇ ಕರಾರು. ಕಾಗದ ಇಲ್ಲ, ಸಹಿ ಇಲ್ಲ. ಸಿಕ್ಕಾಗಲೆಲ್ಲ 'ನನ್ನ ಎರಡು ಗುಂಟೆ ಹೆಂಗೈತೆ' ಅಂತ ಕೇಳುತ್ತಾಳೆ, ಗಂಡನ ಮನೆಗೆ ಕೊಟ್ಟ ಮಗಳನ್ನು ವಿಚಾರಿಸಿದ ಹಾಗೆ.

2022ರಲ್ಲಿ ಮಳೆ ಹುಚ್ಚು ಹಿಡಿದಂತೆ ಸುರಿದಾಗ ಎರಡು ಹೊಲದ ಬದು ಒಡೆದವು. ಹೆಚ್ಚಾದ ನೀರು ಹೊರಹೋಗುವ ಕೋಡಿ ಸಣ್ಣದಿಟ್ಟಿದ್ದೆವು. ಒಂದು ಹೊಲದ ಶೇಂಗಾ ಪೂರ್ತಿ ಹೋಯಿತು. ಆ ರೈತ ಒಂದು ತಿಂಗಳು ನಮ್ಮ ಮುಖ ನೋಡಲಿಲ್ಲ. ನೋಡಬೇಕಾಗೂ ಇರಲಿಲ್ಲ. ಆಮೇಲೆ ತಾನೇ ಬಂದು, ಕೋಡಿ ಎಷ್ಟು ಅಗಲ ಬೇಕು ಅಂತ ಹೆಜ್ಜೆ ಹಾಕಿ ತೋರಿಸಿ, ಕಲ್ಲು ಹೊರಲು ತನ್ನ ಟ್ರ್ಯಾಕ್ಟರ್ ಬಿಟ್ಟ. ಡೀಸೆಲ್ ದುಡ್ಡು ಕೊಡಲು ಹೋದರೆ ಬೈದ.

ಮರುವರ್ಷ ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿದ ವರ್ಷ. ನಿಜ ಹೇಳಬೇಕೆಂದರೆ ಆಗ ನಮ್ಮ ಕಟ್ಟೆಗಳೂ ಒಣಗಿದವು. ಮಳೆಯೇ ಬಾರದಿದ್ದರೆ ಕಟ್ಟೆ ಏನು ಮಾಡೀತು? ಆದರೆ ಎರಡನೇ ಕಟ್ಟೆಯ ಕೆಳಗಿನ ಹಳೇ ಬಾವಿ ಒಣಗಲಿಲ್ಲ. ನಮ್ಮ ಕಡೆ ಮೇಲಿನ ಮಣ್ಣು, ಅದರ ಕೆಳಗಿನ ಗರಸು ದಾಟಿದರೆ ಗಟ್ಟಿ ಬಂಡೆ. ಹಿಂದಿನ ವರ್ಷ ಇಂಗಿದ ನೀರು ಆ ಗರಸಿನಲ್ಲೇ ಉಳಿದಿತ್ತು. ಬಾವಿಯ ಮನೆಯವರು ಆ ಬೇಸಿಗೆ ಟೊಮೆಟೊ ಹಾಕಬಹುದಿತ್ತು, ಬೆಲೆಯೂ ಸಿಗುತ್ತಿತ್ತೇನೋ. ಹಾಕಲಿಲ್ಲ. ಮೋಟರ್ ಬಿಚ್ಚಿ ಅಟ್ಟಕ್ಕಿಟ್ಟು, ಹಗ್ಗ ರಾಟೆ ಕಟ್ಟಿ, ದನಕರುಗಳಿಗೆ ಮೊದಲು ಅಂದರು. ಬೆಳಿಗ್ಗೆ ಐದಕ್ಕೇ ಶುರುವಾಗುತ್ತಿದ್ದ ಆ ರಾಟೆ ಸದ್ದು ನನಗೆ ಈಗಲೂ ನಿದ್ದೆಯಲ್ಲಿ ಕೇಳಿಸುತ್ತದೆ. ಕಟ್ಟೆ ಕಟ್ಟಿದ ನಮಗಿಂತ ಅವತ್ತು ಮೋಟರ್ ಬಿಚ್ಚಿದ ಅವರದ್ದು ದೊಡ್ಡ ಕೆಲಸ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಉಳಿದವರನ್ನು ಬೇಗ ಬೇಗ ನೆನೆಯುತ್ತೇನೆ, ಬೇಜಾರಾಗಬೇಡಿ. ಬೆಂಗಳೂರಿನಿಂದ ಸಂಬಳದ ದಿನ ತಪ್ಪದೆ ಫೋನ್‌ಪೇ ಮಾಡಿದ ನಮ್ಮೂರ ಹುಡುಗರಿಗೆ. ಹಳ್ಳದ ಬಳ್ಳಾರಿ ಜಾಲಿ ಕೀಳುವಾಗ ಟೈರಿಗೆ ಮುಳ್ಳು ಚುಚ್ಚಿಸಿಕೊಂಡು ಎರಡು ಸಲ ಪಂಕ್ಚರ್ ಆದರೂ ಸಿಟ್ಟಾಗದ ಜೆಸಿಬಿ ಹುಡುಗನಿಗೆ. ಭಾನುವಾರವೂ ಸ್ವಂತ ಬೈಕಿನಲ್ಲಿ ಬಂದು ಅಳತೆ ಹಾಕಿಕೊಟ್ಟ ಕಿರಿಯ ಎಂಜಿನಿಯರ್‌ಗೆ. ಚಹಾ ಲೆಕ್ಕ ಬರೆದಿಟ್ಟು ಇನ್ನೂ ಕೇಳದ ಅಂಗಡಿಯವರಿಗೆ. ಬಾಟಲಿ ಕತ್ತರಿಸಿ ಮಳೆಮಾಪಕ ಮಾಡಿ ದಿನಾ ಗೋಡೆ ಮೇಲೆ ಬರೆದ ಶಾಲೆ ಮಕ್ಕಳಿಗೆ. ಒಂದು ದಿನ ಬಾಟಲಿಯಲ್ಲಿ ಕಪ್ಪೆ ಕೂತಿತ್ತಂತೆ. 'ಕಪ್ಪೆ ಬಿಟ್ಟು 22 ಮಿ.ಮೀ.' ಅಂತ ಬರೆದಿದ್ದರು.

ಯುಗಾದಿ ದಿನಕ್ಕೆ ವಾಪಸ್ ಬರುತ್ತೇನೆ. ನಾನು ಕೂತಿದ್ದಾಗ ಎರಡು ಗುಂಟೆ ಅವ್ವ ಬಂದಳು. ಕಡಲೆ ಆಗಲೇ ಕಿತ್ತಾಗಿತ್ತು. ಸೆರಗು ಸಿಕ್ಕಿಸಿಕೊಂಡು ಇಳಿದು, ಒಂದು ಬೊಗಸೆ ನೀರು ತಗೊಂಡು ಕಣ್ಣಿಗೆ ಒತ್ತಿಕೊಂಡಳು. ನನಗೂ ಏನೋ ಹೇಳಬೇಕು ಅನಿಸಿತು, ಗಂಟಲು ಕಟ್ಟಿತು. ಅಷ್ಟರಲ್ಲಿ ಅವಳು ದಡದ ಕಡೆ ಬೆರಳು ತೋರಿಸಿ, 'ಆ ಜಾಲಿ ಮತ್ತೆ ಚಿಗುರೈತೆ ನೋಡು, ಯಾರು ಕೀಳ್ತಾರೆ ಅದನ್ನ? ಹಬ್ಬ ಅಂತ ಕೂತ್ಯಾ?' ಅಂದಳು.

ಎದ್ದು ಹೋಗಿ ಎಳೆದೆ. ಮೇಲಿಂದು ಮುರಿದು ಕೈಗೆ ಬಂತು, ಬೇರು ಅಲ್ಲೇ ಉಳಿಯಿತು. ನಾಳೆ ಗುದ್ದಲಿ ತಗೊಂಡು ಬರುತ್ತೇನೆ ಅಂದೆ. 'ನಾಳೆ ಹೊಸತೊಡಕು, ನೀನು ಬರಲ್ಲ' ಅಂದಳು. ಹೋಗಲಿಲ್ಲ, ಅವಳು ಹೇಳಿದ್ದು ಸರಿ. ಅದರ ಮರುದಿನ ಹೋದೆ.